ಸಂಬಳಾನ ಬ್ಯಾಂಕ್ ರೇಟಲ್ಲಿ ಭಾಗಿಸಿ ಬಡವ ಅಂದ್ಕೋಬೇಡಿ

ಪ್ರಶ್ನೆ: ಬೆಂಗಳೂರಲ್ಲಿ ತಿಂಗಳಿಗೆ 60,000 ಸಂಬಳ, ಮನೇಲಿ ನಾಲ್ಕು ಜನ. ಡಾಲರ್‌ಗೆ ತಿರುಗಿಸಿದ್ರೆ ತಲೆಗೆ ದಿನಕ್ಕೆ ಆರು ಡಾಲರೂ ಬರಲ್ಲ. ವಿಶ್ವಬ್ಯಾಂಕ್ ಬಡತನ ರೇಖೆ 3 ಡಾಲರ್. ಅಂದ್ರೆ ನಾವೂ ಹೆಚ್ಚುಕಮ್ಮಿ ಬಡವ್ರೇ ಅಲ್ವಾ?

ಅಲ್ಲ. ಎಷ್ಟು ಸಲ ಬರೆದ್ರೂ ಈ ಪ್ರಶ್ನೆ ಇದೇ ತಪ್ಪಿನ ಸಮೇತ ವಾಪಸ್ ಬರುತ್ತೆ. ಆ 3 ಡಾಲರ್ ಬ್ಯಾಂಕ್ ಕೌಂಟರಲ್ಲಿ ಸಿಗೋ ಡಾಲರ್ ಅಲ್ಲ ಕಣ್ರೀ, ಪಿಪಿಪಿ ಡಾಲರ್, ಅಂದ್ರೆ ಅಮೆರಿಕದಲ್ಲಿ ಒಂದು ಡಾಲರ್‌ಗೆ ಬರೋ ಸಾಮಾನು ಇಲ್ಲಿ ಎಷ್ಟು ರೂಪಾಯಿಗೆ ಬರುತ್ತೆ ಅನ್ನೋ ಲೆಕ್ಕ, ಅದು ನಮ್ಮಲ್ಲಿ 2021ರ ಬೆಲೆಗೆ ಸುಮಾರು 20 ರೂಪಾಯಿ. ಹಾಗಾಗಿ ರೇಖೆ ಅಂದ್ರೆ ತಲೆಗೆ ದಿನಕ್ಕೆ 60 ರೂಪಾಯಿ ಆಸುಪಾಸು, ಅದರಲ್ಲೇ ಊಟ, ಬಾಡಿಗೆ, ಬಸ್ಸು, ಮಾತ್ರೆ ಎಲ್ಲಾ. ನಿಮ್ದು ತಲೆಗೆ 500. ಆಮೇಲಿನ ಬೆಲೆ ಏರಿಕೆ ಲೆಕ್ಕಕ್ಕೆ ತಗೊಂಡ್ರೂ ರೇಖೆಗಿಂತ ಆರು ಪಟ್ಟು ಮೇಲಿದೀರ. ಇಎಂಐ ಕಷ್ಟ ಇರಬಹುದು, ಸುಳ್ಳು ಅಂತಿಲ್ಲ, ಆದ್ರೆ ಅದು ಈ ಬಡತನ ಅಲ್ಲ. ಈ ರೇಖೆ ಕೆಳಗೆ ಸುಮಾರು 80 ಕೋಟಿ ಜನ ಇದ್ದಾರೆ, ಹೆಚ್ಚಿನವರು ಸಹಾರಾ ಕೆಳಗಿನ ಆಫ್ರಿಕಾದಲ್ಲಿ.

"ಹಳ್ಳಿಯವರಿಗೆ ಹೊಲದ ರಾಗಿ ಇರುತ್ತೆ, 60 ರೂಪಾಯಿ ಸಾಕು" ಅಂತ ಇನ್ನೊಬ್ರು ಬರೆದಿದ್ದಾರೆ, ಓದಿ ಸಿಟ್ಟು ಬಂತು. ಬಡತನ ಅಳೆಯೋಕೆ ಮನೆಮನೆ ಖರ್ಚು ಕೇಳೋ ಸರ್ವೆಯಲ್ಲಿ ಮನೇಲಿ ಬೆಳೆದ ರಾಗಿಗೂ ಬೆಲೆ ಕಟ್ಟಿ ಸೇರಿಸ್ತಾರೆ ಸ್ವಾಮಿ, ಅದನ್ನೂ ಸೇರಿಸಿದ ಮೇಲೇನೇ ಅವರು ರೇಖೆ ಕೆಳಗಿರೋದು.

ಆನ್‌ಲೈನ್ ಕ್ಯಾಲ್ಕುಲೇಟರ್ "ನೀವು ಪ್ರಪಂಚದ ಟಾಪ್ ಇಷ್ಟು ಪರ್ಸೆಂಟ್" ಅಂದ್ರೆ ಅಂದಾಜು ಅಂತ ಮಾತ್ರ ತಗೊಳ್ಳಿ. ನಮ್ಮ ಸರ್ವೆ ಖರ್ಚು ಕೇಳುತ್ತೆ, ಶ್ರೀಮಂತ ದೇಶಗಳದ್ದು ಹೆಚ್ಚಾಗಿ ಆದಾಯ ಕೇಳುತ್ತೆ, ಎರಡನ್ನೂ ಒಂದೇ ಸಾಲಲ್ಲಿ ನಿಲ್ಲಿಸಿರ್ತಾರೆ, ದಶಮಾಂಶ ನಂಬೋಕೆ ನಾನಂತೂ ರೆಡಿ ಇಲ್ಲ. ಮನೆಮಂದಿ ಸಂಖ್ಯೆ ಕೇಳದ ಕ್ಯಾಲ್ಕುಲೇಟರ್ ಆದ್ರೆ ಮುಚ್ಚಿಬಿಡಿ.

ಪ್ರಶ್ನೆ: 80 ಲಕ್ಷದ ಸೈಟಿದೆ, ಯಾವ ಪರ್ಸೆಂಟೈಲ್, ಅಂದ್ರೆ ನೂರರಲ್ಲಿ ಎಷ್ಟು ಜನಕ್ಕಿಂತ ಮೇಲಿದೀನಿ?

ಸಾಲ ಕಳೀದೆ ಕೇಳ್ಬೇಡಿ. ಆಸ್ತಿ ಲೆಕ್ಕ ಬೇರೆ, ಆದಾಯದ್ದು ಬೇರೆ.

ಪ್ರಶ್ನೆ: ಬಿಪಿಎಲ್ ಕಾರ್ಡ್ ಇದ್ರೆ ವಿಶ್ವಬ್ಯಾಂಕ್ ಲೆಕ್ಕದಲ್ಲೂ ಬಡವರಾ?

ಸಂಬಂಧಾನೇ ಇಲ್ಲ.

ಪ್ರಶ್ನೆ: ಫ್ರಿಡ್ಜಲ್ಲಿ ಊಟ ಇದ್ರೆ 75% ಜನಕ್ಕಿಂತ ಶ್ರೀಮಂತರು ಅಂತ ವಾಟ್ಸಾಪಲ್ಲಿ ಬಂತು, ನಿಜಾನಾ?

ಯಾವ ಸರ್ವೆ, ಯಾವ ವರ್ಷ ಅಂತ ಕಳಿಸಿದವರನ್ನೇ ಕೇಳಿ. ಫಾರ್ವರ್ಡ್ ಮಾಡ್ಬೇಡಿ. ಇದೇ ಸಾಲು ತೋರಿಸಿ "ವೆಲ್ತ್ ಸ್ಕೋರ್" ಹೇಳ್ತೀವಿ ಅಂತ ಪ್ಯಾನ್ ನಂಬರ್ ಕೇಳೋ ಕೋಚ್‌ಗಳಿದ್ದಾರೆ, ಅವರಿಗೆ ಮೊಬೈಲ್ ನಂಬರೂ ಕೊಡ್ಬೇಡಿ.