ಎರಡು ಟಿಕೆಟ್ ನಡುವೆ ಸಿಕ್ಕಿಕೊಂಡರೆ ಯಾರು ಹೊಣೆ?

ಪ್ರಯಾಣದಲ್ಲಿ ಆದ ಎಡವಟ್ಟುಗಳನ್ನು ಬರೆದು ಕಳಿಸಿ ಎಂದು ಓದುಗರನ್ನು ಕೇಳಿದ್ದೆವು. ಜೇಬುಗಳ್ಳರು, ಮೋಸದ ಟ್ಯಾಕ್ಸಿಯವರ ಕಥೆಗಳೇ ತುಂಬಿರುತ್ತವೆ ಅಂದುಕೊಂಡಿದ್ದೆ. ಅಂಥವು ಕಡಿಮೆ. ಬಹುತೇಕ ತಪ್ಪುಗಳು ಮನೆಯಲ್ಲಿ ಕೂತು ಬುಕ್ ಮಾಡುವಾಗಲೇ ಆಗಿಹೋಗಿದ್ದವು. ತೊಂದರೆ ಕಾಣಿಸಿಕೊಂಡದ್ದು ಮಾತ್ರ ವಾರಗಳ ಮೇಲೆ, ಯಾವುದೋ ಕೌಂಟರಿನ ಮುಂದೆ. ಕೆಲವು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಕಡಿಮೆ ದರಕ್ಕೆ ಸಿಕ್ಕಿತು ಎಂದು ಒಂದೇ ಪ್ರಯಾಣಕ್ಕೆ ಬೇರೆ ಬೇರೆ ಕಂಪನಿಗಳ ಎರಡು ಟಿಕೆಟ್ ತೆಗೆದುಕೊಂಡೆ. ನಡುವೆ ಎರಡೂವರೆ ಗಂಟೆ ಇತ್ತು. ಮೊದಲ ವಿಮಾನ ಒಂದೂವರೆ ಗಂಟೆ ತಡವಾಗಿ, ಎರಡನೆಯದು ತಪ್ಪಿತು. ಹೊಸ ಟಿಕೆಟ್ ಕೊಂಡು ಹೇಗೋ ಹೋದೆ. ವಾಪಸ್ ಬರುವಾಗ ನೋಡಿದರೆ ಎರಡನೇ ಕಂಪನಿಯವರು ನನ್ನ ರಿಟರ್ನ್ ಟಿಕೆಟ್ಟನ್ನೂ ರದ್ದು ಮಾಡಿದ್ದರು. ಇದು ನ್ಯಾಯವೇ? ಪರಿಹಾರ ಕೇಳಬಹುದೇ?

ಉತ್ತರ: ನ್ಯಾಯ ಅನ್ನಿಸುವುದಿಲ್ಲ, ನಿಜ. ಆದರೆ ನೀವು ಒಪ್ಪಿ ಬುಕ್ ಮಾಡಿದ ಷರತ್ತುಗಳ ಪ್ರಕಾರ ಅವರು ಮಾಡಿದ್ದು ಸರಿ. ಪರಿಹಾರ ಸಿಗುವುದು ಕಷ್ಟ.

ಎರಡೂ ವಿಮಾನಗಳು ಒಂದೇ ಬುಕಿಂಗ್‌ನಲ್ಲಿ ಇದ್ದಿದ್ದರೆ ನಿಮ್ಮನ್ನು ಕೊನೆಯ ಊರಿಗೆ ತಲುಪಿಸುವುದು ವಿಮಾನ ಕಂಪನಿಯ ಹೊಣೆ. ಮೊದಲನೆಯದು ತಡವಾದರೆ ಮುಂದಿನ ವಿಮಾನದಲ್ಲಿ ಅವರೇ ಸೀಟು ಕೊಡಬೇಕು. ಎರಡು ಬುಕಿಂಗ್ ಅಂದರೆ ಎರಡು ಬೇರೆ ಒಪ್ಪಂದ. ಮೊದಲ ಕಂಪನಿಯ ಲೆಕ್ಕದಲ್ಲಿ ನೀವು ತಲುಪಬೇಕಾದ ಊರಿಗೆ ತಲುಪಿದ್ದೀರಿ, ಸ್ವಲ್ಪ ತಡವಾಗಿ ಅಷ್ಟೇ. ಎರಡನೇ ಕಂಪನಿಗೆ ನಿಮ್ಮ ಮೊದಲ ವಿಮಾನದ ವಿಷಯವೇ ಗೊತ್ತಿಲ್ಲ. ಅವರ ಕಣ್ಣಿಗೆ ನೀವು ಟಿಕೆಟ್ ಇದ್ದೂ ಬಾರದೇ ಹೋದ ಪ್ರಯಾಣಿಕರು, ಅಂದರೆ ‘ನೋ-ಶೋ’. ರಿಟರ್ನ್ ಟಿಕೆಟ್‌ಗಳನ್ನು ಬರೆದಿರುವ ಕ್ರಮದಲ್ಲೇ ಬಳಸಬೇಕು ಎಂಬ ಷರತ್ತು ಬಹಳಷ್ಟು ಕಂಪನಿಗಳಲ್ಲಿದೆ. ಹೋಗುವ ಭಾಗ ಬಿಟ್ಟರೆ ಬರುವ ಭಾಗ ತಾನಾಗಿ ರದ್ದಾಗುತ್ತದೆ.

ಪ್ರಯಾಣಿಕರ ಪರ ಗಟ್ಟಿಯಾಗಿ ನಿಲ್ಲುವ ಕಾನೂನು ಕೂಡ ಇಲ್ಲಿ ನಿಮ್ಮ ಕೈ ಹಿಡಿಯುವುದಿಲ್ಲ. ಐರೋಪ್ಯ ಒಕ್ಕೂಟದ 261/2004 ನಿಯಮವನ್ನೇ ನೋಡಿ. ಕಂಪನಿಯ ತಪ್ಪಿನಿಂದ ಮೂರು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ತಡವಾದರೆ ದೂರಕ್ಕೆ ತಕ್ಕಂತೆ 250ರಿಂದ 600 ಯೂರೋ ಪರಿಹಾರ ಸಿಗುತ್ತದೆ. ಆದರೆ ಆ ಮೂರು ಗಂಟೆಯನ್ನು ಎಣಿಸುವುದು ಅದೇ ಬುಕಿಂಗ್‌ನ ಕೊನೆಯ ನಿಲ್ದಾಣದಲ್ಲಿ. ನಿಮ್ಮದು ಒಂದೂವರೆ ಗಂಟೆಗೇ ನಿಂತಿತು.

ಇನ್ನೊಂದು ಅಪಾಯದಿಂದ ನೀವು ಪಾರಾಗಿದ್ದೀರಿ. ಬೇರೆ ಬೇರೆ ಟಿಕೆಟ್ ಇದ್ದಾಗ ಲಗೇಜ್ ಸಾಮಾನ್ಯವಾಗಿ ಕೊನೆಯ ಊರಿನವರೆಗೆ ಹೋಗುವುದಿಲ್ಲ. ನಡುವಿನ ದೇಶದಲ್ಲಿ ಇಮಿಗ್ರೇಶನ್ ದಾಟಿ ಹೊರಗೆ ಬಂದು, ಬ್ಯಾಗ್ ತೆಗೆದುಕೊಂಡು, ಮತ್ತೆ ಚೆಕ್-ಇನ್ ಮಾಡಬೇಕು. ಆ ದೇಶಕ್ಕೆ ವೀಸಾ ಬೇಕಿದ್ದರೆ? ಮೊದಲ ವಿಮಾನವನ್ನೇ ಹತ್ತಲು ಬಿಡುವುದಿಲ್ಲ. ಅಮೆರಿಕದಲ್ಲಂತೂ ಒಂದೇ ಟಿಕೆಟ್ ಇದ್ದರೂ, ಬರೀ ವಿಮಾನ ಬದಲಿಸುವುದಿದ್ದರೂ, ಮೊದಲು ಇಳಿದ ನಿಲ್ದಾಣದಲ್ಲೇ ಇಮಿಗ್ರೇಶನ್ ಮುಗಿಸಬೇಕು. ಅದಕ್ಕೂ ವೀಸಾ ಅಥವಾ ಮುಂಗಡ ಅನುಮತಿ ಬೇಕೇ ಬೇಕು. ‘ನಾನು ಹೊರಗೆ ಹೋಗುವುದಿಲ್ಲ, ಒಳಗೇ ಕೂತಿರುತ್ತೇನೆ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಬುಕಿಂಗ್ ವೆಬ್‌ಸೈಟುಗಳು ಇಂಥ ಜೋಡಣೆಯನ್ನು ‘ಸೆಲ್ಫ್ ಟ್ರಾನ್ಸ್‌ಫರ್’ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತವೆ. ಕಡಿಮೆ ದರ ನೋಡಿ ಕಣ್ಣು ಅರಳಿದಾಗ ಆ ಸಾಲು ಯಾರಿಗೂ ಕಾಣಿಸುವುದಿಲ್ಲ. ಕೆಲವು ವೆಬ್‌ಸೈಟುಗಳು ‘ಕನೆಕ್ಷನ್ ಗ್ಯಾರಂಟಿ’, ಅಂದರೆ ಮುಂದಿನ ವಿಮಾನ ತಪ್ಪಿದರೆ ನೋಡಿಕೊಳ್ಳುತ್ತೇವೆ ಎಂಬ ಭರವಸೆ ಕೊಡುತ್ತವೆ. ಅದು ವೆಬ್‌ಸೈಟಿನ ಗ್ಯಾರಂಟಿ, ವಿಮಾನ ಕಂಪನಿಯದಲ್ಲ. ಕೌಂಟರಿನಲ್ಲಿ ತೋರಿಸಿದರೆ ಯಾರೂ ಕೇಳುವುದಿಲ್ಲ.

ಎರಡು ಟಿಕೆಟ್ ಅನಿವಾರ್ಯವೇ ಆದರೆ ನಡುವೆ ಒಂದು ರಾತ್ರಿ ಬಿಡಿ. ಅಷ್ಟು ಆಗದಿದ್ದರೆ ಎರಡನೆಯದು ಆ ದಿನದ ಕೊನೆಯ ವಿಮಾನ ಆಗಿರದಂತೆ ನೋಡಿಕೊಳ್ಳಿ, ಕೈಚೀಲದಲ್ಲೇ ಮುಗಿಸಿ. ವಿಮೆ ಮಾಡಿಸುವಾಗ ‘ತಪ್ಪಿದ ಕನೆಕ್ಷನ್’ ಸೇರಿದೆಯೇ, ಸೇರಿದ್ದರೆ ನಡುವೆ ಕನಿಷ್ಠ ಎಷ್ಟು ಗಂಟೆ ಇರಬೇಕು ಎಂದು ಓದಿ. ತಪ್ಪಿಹೋಗುವುದು ಖಚಿತವಾದರೆ ಎರಡನೇ ವಿಮಾನ ಹೊರಡುವ ಮೊದಲೇ ಆ ಕಂಪನಿಗೆ ಫೋನ್ ಮಾಡಿ. ಹೊರಡುವ ಮೊದಲು ಹೇಳಿದರೆ ಕೆಲವೊಮ್ಮೆ ದಿನ ಬದಲಿಸಿಕೊಳ್ಳಬಹುದು, ರಿಟರ್ನ್ ಭಾಗವನ್ನಾದರೂ ಉಳಿಸಿಕೊಡಿ ಎಂದು ಕೇಳಬಹುದು. ಹೊರಟ ಮೇಲೆ ಹೇಳಿ ಪ್ರಯೋಜನ ಕಡಿಮೆ.

ಪ್ರಶ್ನೆ: ಟಿಕೆಟ್‌ನಲ್ಲಿ 14ನೇ ತಾರೀಖು 00:20 ಎಂದಿತ್ತು. 14ರ ರಾತ್ರಿ ಹೋದೆ. ವಿಮಾನ ಹಿಂದಿನ ರಾತ್ರಿಯೇ ಹೋಗಿತ್ತು. ಹೀಗೆ ಬೇರೆಯವರಿಗೂ ಆಗುತ್ತದೆಯೇ?

ಉತ್ತರ: ಆಗುತ್ತಲೇ ಇರುತ್ತದೆ. ನಡುರಾತ್ರಿ ದಾಟಿದ ಕೂಡಲೇ ತಾರೀಖು ಬದಲಾಗುತ್ತದೆ, ನಮ್ಮ ತಲೆ ಮಾತ್ರ ಮಲಗಿ ಏಳುವವರೆಗೆ ಬದಲಾಗುವುದಿಲ್ಲ. 00:20 ಎಂದಿದ್ದರೆ 13ರ ರಾತ್ರಿ ಊಟ ಮುಗಿಸಿ ಹೊರಡಬೇಕು. ಫೋನಿನ ಕ್ಯಾಲೆಂಡರಿನಲ್ಲಿ ವಿಮಾನದ ಸಮಯ ಹಾಕಬೇಡಿ, ಮನೆ ಬಿಡುವ ಸಮಯ ಹಾಕಿ.

ಇದರ ತಮ್ಮನಂಥ ತಪ್ಪು ಹೋಟೆಲಿನದು. 14ರ ಬೆಳಗಿನ ಜಾವ ಎರಡಕ್ಕೆ ತಲುಪುವವರು 14ರಿಂದ ರೂಮ್ ಬುಕ್ ಮಾಡುತ್ತಾರೆ. ಆ ರೂಮ್ ಸಿಗುವುದು ಮಧ್ಯಾಹ್ನದ ಮೇಲೆ. 13ರಿಂದಲೇ ಬುಕ್ ಮಾಡಿ, ತಡರಾತ್ರಿ ಬರುತ್ತೇವೆ ಎಂದು ಬರೆದು ತಿಳಿಸಿ. ಇಲ್ಲದಿದ್ದರೆ ಅಲ್ಲೂ ನೋ-ಶೋ ಎಂದು ಇಡೀ ವಾಸ್ತವ್ಯವನ್ನೇ ರದ್ದು ಮಾಡಬಹುದು.

ಪ್ರಶ್ನೆ: ವೀಸಾ ಕೈಯಲ್ಲಿತ್ತು. ಪಾಸ್‌ಪೋರ್ಟ್ ಅವಧಿ ಇನ್ನೂ ನಾಲ್ಕು ತಿಂಗಳು ಇತ್ತು. ಆದರೂ ಚೆಕ್-ಇನ್ ಕೌಂಟರಿನಲ್ಲೇ ತಡೆದರು. ವೀಸಾ ಕೊಟ್ಟ ದೇಶಕ್ಕೆ ಇಲ್ಲದ ಆಕ್ಷೇಪ ವಿಮಾನ ಕಂಪನಿಗೆ ಏಕೆ?

ಉತ್ತರ: ಕಂಪನಿಗೆ ಸ್ವಂತ ಆಕ್ಷೇಪ ಏನೂ ಇಲ್ಲ, ಹೆದರಿಕೆ ಇದೆ. ದಾಖಲೆ ಸರಿಯಿಲ್ಲದವರನ್ನು ಕರೆತಂದರೆ ಆ ದೇಶ ಕಂಪನಿಗೆ ದಂಡ ಹಾಕುತ್ತದೆ. ಅವರನ್ನು ವಾಪಸ್ ಕರೆದೊಯ್ಯುವ ಹೊಣೆಯೂ ಕಂಪನಿಯದೇ. ಹಾಗಾಗಿ ಕೌಂಟರಿನವರು ‘ಟೈಮ್ಯಾಟಿಕ್’ ಎಂಬ ದತ್ತಾಂಶ ವ್ಯವಸ್ಥೆಯಲ್ಲಿ ನಿಮ್ಮ ದೇಶ, ಹೋಗುವ ದೇಶ, ನಡುವಿನ ನಿಲ್ದಾಣ ಎಲ್ಲವನ್ನೂ ಹಾಕಿ ನೋಡುತ್ತಾರೆ. ಅದನ್ನು ನಡೆಸುವುದು ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘವಾದ ಐಎಟಿಎ. ಅದರಲ್ಲಿ ‘ಇಲ್ಲ’ ಎಂದು ಬಂದರೆ ಕೌಂಟರಿನ ಹುಡುಗನ ಜೊತೆ ಜಗಳವಾಡಿ ಫಲವಿಲ್ಲ.

ತಲುಪಿದ ದಿನದಿಂದ ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಇರಬೇಕು ಎಂದು ಬಹಳ ದೇಶಗಳು ಕೇಳುತ್ತವೆ. ಷೆಂಗೆನ್ ದೇಶಗಳ, ಅಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ, ಲೆಕ್ಕ ಬೇರೆ. ಅಲ್ಲಿಂದ ಹೊರಡುವ ದಿನದ ನಂತರ ಮೂರು ತಿಂಗಳ ಅವಧಿ ಉಳಿದಿರಬೇಕು, ಜೊತೆಗೆ ಪಾಸ್‌ಪೋರ್ಟ್ ಕೊಟ್ಟು ಹತ್ತು ವರ್ಷ ದಾಟಿರಬಾರದು. ನಿಮಗೆ ಎಡವಟ್ಟಾದದ್ದು ಆರು ತಿಂಗಳ ನಿಯಮದಿಂದಲೇ ಇರಬೇಕು. ವೀಸಾ ಇದ್ದ ಮಾತ್ರಕ್ಕೆ ಒಳಗೆ ಬಿಡಲೇಬೇಕೆಂದಿಲ್ಲ. ಪಾಸ್‌ಪೋರ್ಟಿಗೆ ಒಂದು ವರ್ಷ ಉಳಿದಾಗಲೇ ನವೀಕರಣಕ್ಕೆ ಹಾಕುವುದು ಒಳ್ಳೆಯದು.

ಷೆಂಗೆನ್ ಮಾತು ಬಂತಲ್ಲ, ಇನ್ನೊಂದು ವಿಷಯ. ಅಲ್ಪಾವಧಿಗೆ ಹೋದವರು ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಒಂದು ದಿನ ಹೊರಗೆ ಹೋಗಿ ಬಂದರೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ ಎಂಬ ನಂಬಿಕೆ ತಪ್ಪು. ಒಳಗೆ ಬಂದ ದಿನ, ಹೊರಟ ದಿನ ಎರಡನ್ನೂ ಎಣಿಸುತ್ತಾರೆ. ಮೊದಲು ಈ ಲೆಕ್ಕ ಪಾಸ್‌ಪೋರ್ಟಿನ ಮುದ್ರೆಗಳನ್ನು ನೋಡಿ ನಡೆಯುತ್ತಿತ್ತು, ಕೆಲವರು ನುಸುಳಿಕೊಳ್ಳುತ್ತಿದ್ದರು. 2025ರ ಅಕ್ಟೋಬರ್ 12ರಿಂದ ಬೆರಳಚ್ಚು, ಮುಖದ ಚಿತ್ರ ಸಹಿತ ಕಂಪ್ಯೂಟರಿನಲ್ಲಿ ದಾಖಲಿಸುವ ವ್ಯವಸ್ಥೆ ಶುರುವಾಗಿದೆ.

ಪ್ರಶ್ನೆ: ಸೆಕ್ಯುರಿಟಿಯಲ್ಲಿ ನನ್ನ ಪವರ್ ಬ್ಯಾಂಕ್ ತೆಗೆದುಕೊಂಡರು. 20,000 ಎಂಎಎಚ್ ಇತ್ತು, ಅಷ್ಟಕ್ಕೆ ಅನುಮತಿ ಇದೆ ಎಂದು ಕೇಳಿದ್ದೆ.

ಉತ್ತರ: ಕೇಳಿದ್ದು ಸರಿ, ಆದರೆ ಮಿತಿ ಇರುವುದು ಎಂಎಎಚ್‌ನಲ್ಲಿ ಅಲ್ಲ, ವ್ಯಾಟ್-ಅವರ್‌ನಲ್ಲಿ, ಅಂದರೆ ಬ್ಯಾಟರಿ ಹಿಡಿದಿಡುವ ಒಟ್ಟು ಶಕ್ತಿಯ ಲೆಕ್ಕದಲ್ಲಿ. 100 ವ್ಯಾಟ್-ಅವರ್‌ವರೆಗೆ ಕೈಚೀಲದಲ್ಲಿ ಒಯ್ಯಬಹುದು. 100ರಿಂದ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಅದಕ್ಕೂ ದೊಡ್ಡದು ಬೇಡ. ಲೆಕ್ಕ ಸುಲಭ: ಎಂಎಎಚ್ ಅನ್ನು ವೋಲ್ಟ್‌ನಿಂದ ಗುಣಿಸಿ 1000ದಿಂದ ಭಾಗಿಸಿ. ನಿಮ್ಮದು 3.7 ವೋಲ್ಟ್ ಆಗಿದ್ದರೆ 74 ಬರುತ್ತದೆ, ಧಾರಾಳವಾಗಿ ಒಳಗೇ ಇದೆ. ಹಾಗಾದರೆ ಬಹುಶಃ ಅದರ ಮೇಲಿನ ಬರಹ ಅಳಿಸಿಹೋಗಿರಬೇಕು. ಓದಲಾಗದ ಪವರ್ ಬ್ಯಾಂಕನ್ನು ಸಿಬ್ಬಂದಿ ಬಿಡದಿರಬಹುದು. ಚೀನಾದ ಒಳಗಿನ ವಿಮಾನಗಳಲ್ಲಿ 2025ರ ಜೂನ್ 28ರಿಂದ ಅಲ್ಲಿನ ಸುರಕ್ಷತಾ ಪ್ರಮಾಣದ 3ಸಿ ಗುರುತು ಇಲ್ಲದ ಪವರ್ ಬ್ಯಾಂಕ್ ಒಯ್ಯುವಂತೆಯೇ ಇಲ್ಲ.

ಚೆಕ್-ಇನ್ ಲಗೇಜಿನಲ್ಲಂತೂ ಎಲ್ಲೂ ಹಾಕಬಾರದು. ಕೆಳಗಿನ ಸರಕಿನ ಜಾಗದಲ್ಲಿ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಸಿಬ್ಬಂದಿಯ ಕೈ ಅಲ್ಲಿಗೆ ತಲುಪುವುದಿಲ್ಲ. ಇಲ್ಲೊಂದು ಕಡೆ ತುಂಬಾ ಜನ ಎಡವುತ್ತಾರೆ. ಮೇಲೆ ಜಾಗವಿಲ್ಲ ಎಂದು ವಿಮಾನದ ಬಾಗಿಲಲ್ಲೇ ಕೈಚೀಲವನ್ನು ತೆಗೆದುಕೊಂಡು ಕೆಳಗೆ ಕಳಿಸುತ್ತಾರಲ್ಲ, ಆಗ ಪವರ್ ಬ್ಯಾಂಕ್ ತೆಗೆದು ಜೇಬಿಗೆ ಹಾಕಿಕೊಳ್ಳಲು ಮರೆಯುತ್ತಾರೆ. ಔಷಧಿ, ಪಾಸ್‌ಪೋರ್ಟ್ ಕೂಡ ಆಗಲೇ ತೆಗೆದುಕೊಳ್ಳಿ.

ಪ್ರಶ್ನೆ: ಪೆರು ದೇಶದ ಮಾಚು ಪಿಚು ನೋಡಲು ಹೊರಟಿದ್ದೇವೆ. ವಿಮಾನದಲ್ಲಿ ಕುಸ್ಕೊಗೆ ಹೋಗಿ, ಎರಡು ದಿನ ಅಲ್ಲಿ ಸುತ್ತಾಡಿ, ನಂತರ ಮಾಚು ಪಿಚು. ಅಪ್ಪನಿಗೆ ವಯಸ್ಸಾಗಿದೆ, ನಾನು ದಿನಾ ಓಡುವವನು. ಅಪ್ಪನಿಗೆ ಮಾತ್ರ ಎಚ್ಚರಿಕೆ ಸಾಕಲ್ವಾ?

ಉತ್ತರ: ಸಾಲದು. ಓಡುವ ಅಭ್ಯಾಸ ಇದ್ದವರಿಗೆ ಎತ್ತರದ ಕಾಯಿಲೆ ಬರುವುದಿಲ್ಲ ಎಂಬುದು ತಪ್ಪು ತಿಳುವಳಿಕೆ. ದೇಹ ಕಡಿಮೆ ಆಮ್ಲಜನಕಕ್ಕೆ ಹೊಂದಿಕೊಳ್ಳಲು ಸಮಯ ಬೇಕು, ಶಕ್ತಿ ಇದ್ದ ಮಾತ್ರಕ್ಕೆ ಆ ಸಮಯ ಉಳಿಯುವುದಿಲ್ಲ. ಎಷ್ಟೋ ಸಲ ಗಟ್ಟಿಮುಟ್ಟಾದವರೇ ಮೊದಲ ದಿನ ಓಡಾಡಿ ಜಾಸ್ತಿ ನರಳುತ್ತಾರೆ.

ನಿಮ್ಮ ಯೋಜನೆಯಲ್ಲಿ ಕ್ರಮವೇ ತಲೆಕೆಳಗಾಗಿದೆ. ಕುಸ್ಕೊ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಮಾಚು ಪಿಚು ಸುಮಾರು 2,430 ಮೀಟರ್, ಅಂದರೆ ಹೆಚ್ಚು ಕಡಿಮೆ ಒಂದು ಕಿಲೋಮೀಟರ್ ಕೆಳಗೆ. ಬೆಟ್ಟದ ಮೇಲಿನ ಕೋಟೆಯ ಚಿತ್ರ ನೋಡಿ ಮಾಚು ಪಿಚುವೇ ಎತ್ತರ, ಕುಸ್ಕೊ ತಗ್ಗು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕುಸ್ಕೊದಲ್ಲಿ ಇಳಿದ ದಿನವೇ ಕಣಿವೆಯ ಕಡೆಗೆ ಇಳಿದುಬಿಡಿ. ಆ ಕಣಿವೆಯ ಊರು ಒಯಾಂತಾಯ್‌ತಾಂಬೊ ಸುಮಾರು 2,800 ಮೀಟರ್. ಅಲ್ಲಿ ಉಳಿದು, ಮಾಚು ಪಿಚು ಮುಗಿಸಿ, ಕೊನೆಗೆ ಕುಸ್ಕೊ ಸುತ್ತಿ.

ತೊಂದರೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಶುರುವಾಗುತ್ತದೆ. ತಲುಪಿದ ಕೂಡಲೇ ಏನೂ ಅನ್ನಿಸುವುದಿಲ್ಲ, ಕೆಲವು ಗಂಟೆ ಕಳೆದ ಮೇಲೆ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಕಾಣಿಸಿಕೊಳ್ಳುತ್ತದೆ. ಮುಂದೆ ಚಾರಣದ ಯೋಜನೆ ಇದ್ದರೆ, 3,000 ಮೀಟರ್ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬೇಡಿ. ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಒಂದು ದಿನ ನಿಲ್ಲಿ. ಕೂತಾಗಲೂ ಏದುಸಿರು ಬರುತ್ತಿದ್ದರೆ, ನಡಿಗೆ ತಡವರಿಸುತ್ತಿದ್ದರೆ, ಮಾತು ಗೊಂದಲವಾಗುತ್ತಿದ್ದರೆ ಬೆಳಗಾಗಲಿ ಎಂದು ಕಾಯಬಾರದು. ಆಗಲೇ ಕೆಳಗೆ ಇಳಿಸಿ ವೈದ್ಯರಿಗೆ ತೋರಿಸಿ. ಮುನ್ನೆಚ್ಚರಿಕೆಗೆ ಅಸೆಟಜೋಲಮೈಡ್ ಎಂಬ ಮಾತ್ರೆ ಇದೆ. ಎಲ್ಲರಿಗೂ ಆಗುವುದಿಲ್ಲ, ಅಪ್ಪನವರ ಬೇರೆ ಔಷಧಿಗಳನ್ನೂ ತೋರಿಸಿ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ.

ಅಪ್ಪನವರ ಮಾತ್ರೆಗಳನ್ನು ಮೂಲ ಪ್ಯಾಕೆಟ್ಟಿನಲ್ಲೇ ಇಡಿ, ಔಷಧಿಯ ರಾಸಾಯನಿಕ ಹೆಸರು ಬರೆದ ಚೀಟಿ ಜೊತೆಗಿರಲಿ. ಒಂದು ದೇಶದಲ್ಲಿ ಸುಮ್ನೆ ಅಂಗಡಿಯಲ್ಲಿ ಸಿಗುವುದು ಇನ್ನೊಂದರಲ್ಲಿ ಅಪರಾಧವಾಗಬಹುದು. ಶೀತದ ಮಾತ್ರೆಯಲ್ಲಿ ಸ್ಯೂಡೋಎಫಿಡ್ರಿನ್ ಶೇ 10ಕ್ಕಿಂತ ಹೆಚ್ಚಿದ್ದರೆ ಜಪಾನಿಗೆ ಒಯ್ಯುವಂತಿಲ್ಲ.

ಪ್ರಶ್ನೆ: ವಿದೇಶದಲ್ಲಿ ಕಾರ್ಡ್ ಉಜ್ಜಿದಾಗ ‘ನಿಮ್ಮ ದೇಶದ ಹಣದಲ್ಲಿ ಕೊಡುತ್ತೀರಾ’ ಎಂದು ಯಂತ್ರ ಕೇಳುತ್ತದೆ. ಯಾವುದು ಲಾಭ?

ಉತ್ತರ: ಬೇಡ ಅನ್ನಿ, ಅಲ್ಲಿನ ಹಣವನ್ನೇ ಆರಿಸಿ. ಇಲ್ಲದಿದ್ದರೆ ವಿನಿಮಯ ದರವನ್ನು ಯಂತ್ರದ ಕಡೆಯವರು ತಮ್ಮ ಲಾಭ ಸೇರಿಸಿ ನಿಗದಿ ಮಾಡುತ್ತಾರೆ. ಎಟಿಎಂನಲ್ಲಿ ‘ಪರಿವರ್ತನೆ ನಿರಾಕರಿಸಿ’ ಎಂಬ ಗುಂಡಿ ನೋಡಿ, ಹಣವೇ ಬರುವುದಿಲ್ಲವೇನೋ ಎಂದು ಹೆದರಿ ಒಪ್ಪಿಬಿಡುವವರಿದ್ದಾರೆ. ಹಣ ಬಂದೇ ಬರುತ್ತದೆ.

ಪ್ರಶ್ನೆ: ಮನೆಗೆ ಬಂದು ನೋಡಿದರೆ ಸೂಟ್‌ಕೇಸಿನ ಚಕ್ರ ಮುರಿದಿದೆ, ಒಂದು ಬದಿ ಸೀಳಿದೆ. ವಿಮಾನ ನಿಲ್ದಾಣದಲ್ಲೇ ಹೇಳಬೇಕಿತ್ತು ಎನ್ನುತ್ತಿದ್ದಾರೆ. ಎಲ್ಲ ಮುಗಿಯಿತೇ?

ಉತ್ತರ: ಮುಗಿದಿಲ್ಲ. ನಿಲ್ದಾಣದಲ್ಲೇ ದೂರು ಬರೆಸಿ ಪ್ರತಿ ಪಡೆದಿದ್ದರೆ ಕೆಲಸ ಸುಲಭವಾಗುತ್ತಿತ್ತು. ದೂರಿಲ್ಲದೆ ಬ್ಯಾಗ್ ತೆಗೆದುಕೊಂಡು ಹೋದರೆ ಅದು ಸರಿಯಾಗಿಯೇ ತಲುಪಿತ್ತು ಎಂದು ಮೊದಲಿಗೆ ಭಾವಿಸುತ್ತಾರೆ, ಅಲ್ಲವೆಂದು ನೀವು ತೋರಿಸಿಕೊಡಬೇಕು. ಆದರೆ ಅಂತರರಾಷ್ಟ್ರೀಯ ಪ್ರಯಾಣಕ್ಕೆ ಅನ್ವಯಿಸುವ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಹಾನಿಯಾದ ಬ್ಯಾಗ್ ಕೈಗೆ ಬಂದ ಏಳು ದಿನಗಳ ಒಳಗೆ ಬರೆದು ದೂರು ಕೊಡಬಹುದು. ಬ್ಯಾಗ್ ತಡವಾಗಿ ಬಂದಿದ್ದರೆ, ಬಂದ ದಿನದಿಂದ 21 ದಿನ. ಬರಬೇಕಾದ ದಿನದಿಂದ 21 ದಿನ ಕಳೆದರೂ ಬರದಿದ್ದರೆ ಕಳೆದುಹೋಯಿತು ಎಂದು ಪರಿಹಾರ ಕೇಳುವ ಹಕ್ಕು ನಿಮ್ಮದು. ಒಬ್ಬ ಪ್ರಯಾಣಿಕನಿಗೆ ಗರಿಷ್ಠ ಮಿತಿ 2024ರ ಡಿಸೆಂಬರ್ 28ರಿಂದ 1,519 ಎಸ್‌ಡಿಆರ್. ಎಸ್‌ಡಿಆರ್ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ, ಅದರ ಬೆಲೆ ದಿನಾ ಬದಲಾಗುತ್ತದೆ. ಮಿತಿ ಅಷ್ಟಿದೆ ಎಂದು ಅಷ್ಟೂ ಸಿಗುವುದಿಲ್ಲ, ಆದ ನಷ್ಟದಷ್ಟು ಮಾತ್ರ.

ಏಳು ದಿನ ಇನ್ನೂ ದಾಟಿಲ್ಲದಿದ್ದರೆ ಇವತ್ತೇ ಇಮೇಲ್ ಕಳಿಸಿ. ಫೋನಿನಲ್ಲಿ ಹೇಳಿದ್ದು ದೂರು ಅನ್ನಿಸುವುದಿಲ್ಲ. ಬ್ಯಾಗಿನ ಟ್ಯಾಗ್, ಬೋರ್ಡಿಂಗ್ ಪಾಸ್, ಸೀಳಿದ ಬದಿಯ ಚಿತ್ರಗಳು, ರಿಪೇರಿಯವರು ಬರೆದುಕೊಟ್ಟ ಅಂದಾಜು ಜೊತೆಗಿಡಿ. ಟ್ಯಾಗ್ ಕಿತ್ತು ಬಿಸಾಡಿದ್ದರೆ ಬೋರ್ಡಿಂಗ್ ಪಾಸಿನ ಹಿಂದೆ ಅಂಟಿಸಿದ ಚೀಟಿ ಹುಡುಕಿ, ಅದೇ ಸಂಖ್ಯೆ ಅದರಲ್ಲೂ ಇರುತ್ತದೆ.