ಸಂಪಾದಕರ ಉತ್ತರ: ಮೂರನೆಯ ಹಾಳೆಯ ಕಥೆ

ಗಂಗಾವತಿಯ ಪತ್ತಿನ ಸಹಕಾರ ಸಂಘವೊಂದರ ಕಾರ್ಯದರ್ಶಿಗಳು ಬರೆಯುತ್ತಾರೆ: ‘ನಾವಿರುವುದು ಆರು ಜನ. ತಿಂಗಳಿಗೆ ಎಂಟು ಹತ್ತು ರೀಮ್ ಕಾಗದ ಮುಗಿಯುತ್ತದೆ, ಟೋನರ್ ಖರ್ಚು ಬೇರೆ. ಮಿತವ್ಯಯಕ್ಕೆ ಆಡಳಿತ ಮಂಡಳಿ ಠರಾವು ಮಾಡಿದೆ. ಪ್ರತಿ ಪ್ರಿಂಟಿಗೂ ಸಹಿ ಮಾಡುವ ರಿಜಿಸ್ಟರ್ ಇಟ್ಟೆ. ಸಿಬ್ಬಂದಿ ಮುಖ ಗಂಟು ಹಾಕಿಕೊಂಡರೇ ಹೊರತು ಕಾಗದ ಉಳಿಯಲಿಲ್ಲ. ಹೊಸ ಪ್ರಿಂಟರ್ ಕೊಂಡರೆ ಉಳಿತಾಯವಾದೀತೇ?’

ಕಾರ್ಯದರ್ಶಿಗಳೇ,

ಪತ್ರವನ್ನು ಹಾಳೆಯ ಎರಡೂ ಮಗ್ಗುಲಿಗೆ ಬರೆದಿದ್ದೀರಿ, ಶಹಬ್ಬಾಸ್. ಜೊತೆಗೆ ಠರಾವಿನ ಪ್ರತಿಯನ್ನೂ ಲಗತ್ತಿಸಿದ್ದೀರಿ. ಮಿತವ್ಯಯದ ಆ ಠರಾವು ಮೂರು ಹಾಳೆ. ಮೂರನೆಯದರಲ್ಲಿ ಅಧ್ಯಕ್ಷರ ಸಹಿ ಬಿಟ್ಟರೆ ಏನೂ ಇಲ್ಲ. ನಗು ತಡೆಯಲಾಗಲಿಲ್ಲ, ಕ್ಷಮಿಸಿ. ಆದರೆ ನಿಮ್ಮ ರೋಗದ ಮೂಲ ಆ ಹಾಳೆಯಲ್ಲೇ ಇದೆ. ಟೈಪ್‌ರೈಟರ್ ಕಾಲದಿಂದ ಬಂದ ಅಗಲ ಅಂಚು, ದಪ್ಪ ಅಕ್ಷರ, ಸಾಲು ಬಿಟ್ಟು ಸಾಲು. ಅಂಚು ಸ್ವಲ್ಪ ಕಿರಿದು ಮಾಡಿ, ಅಕ್ಷರವನ್ನು 12 ಪಾಯಿಂಟಿಗೆ ಇಳಿಸಿದರೆ ಅಷ್ಟೂ ಎರಡು ಪುಟಕ್ಕೆ ಬರುತ್ತದೆ, ಅಂದರೆ ಒಂದೇ ಹಾಳೆಯ ಎರಡು ಮಗ್ಗುಲು. ಸಾಲಿನ ಅಂತರವನ್ನು ಮಾತ್ರ ತೀರ ಬಿಗಿ ಮಾಡಬೇಡಿ; ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ವಯಸ್ಸಾದ ಸದಸ್ಯರು ಓದಲಾರರು.

ರಿಜಿಸ್ಟರ್ ವಿಷಯಕ್ಕೆ ಬರುತ್ತೇನೆ. ಯಾರು ಪ್ರಿಂಟ್ ತೆಗೆದರು ಎಂಬುದನ್ನು ಅದು ಹೇಳುತ್ತದೆ, ಏಕೆ ತೆಗೆದರು ಎಂಬುದನ್ನು ಹೇಳುವುದಿಲ್ಲ. ಅದನ್ನು ಮುಚ್ಚಿ, ಒಂದು ವಾರ ಕಸದ ಬುಟ್ಟಿ ನೋಡಿ. ನಾವೂ ನಮ್ಮ ಕಚೇರಿಯಲ್ಲಿ ಹೀಗೆ ಮಾಡಿದೆವು. ಕರಡಚ್ಚಿಗಿಂತ ಹೆಚ್ಚಾಗಿ ಸಿಕ್ಕಿದ್ದು ಲೇಖಕರು ಮಿಂಚಂಚೆಯಲ್ಲಿ ಕಳಿಸಿದ್ದ ಲೇಖನಗಳ ಪ್ರಿಂಟು, ಅದೂ ಎರಡೆರಡು ಸಲ ತೆಗೆದದ್ದು. ಕಾರಣ ಫಾಂಟ್. ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಟೈಪು ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ, ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಳ್ಳುತ್ತದೆ. ಹಾಗಾಗಿ ಒಬ್ಬರಿಗೊಬ್ಬರು ಕಾಗದದಲ್ಲೇ ಕೊಡುವುದು ರೂಢಿಯಾಗಿತ್ತು. ನಿಮ್ಮ ನೋಟಿಸು, ಟಿಪ್ಪಣಿಗಳ ಗತಿಯೂ ಇದೇ ಇರಬೇಕೆಂದು ನನ್ನ ಗುಮಾನಿ. ಯಾವ ಕಂಪ್ಯೂಟರು, ಮೊಬೈಲಿನಲ್ಲೂ ಕನ್ನಡವಾಗಿಯೇ ತೆರೆದುಕೊಳ್ಳುವ ಯುನಿಕೋಡ್‌ನಲ್ಲಿ ಟೈಪು ಮಾಡಿಸಿ, ಪಿಡಿಎಫ್ ಮಾಡಿ ಕಳಿಸಿ. ನುಡಿಯ ಈಚಿನ ಆವೃತ್ತಿಗಳಲ್ಲಿ ಯುನಿಕೋಡ್ ಇದೆ, ಕೀಲಿಮಣೆ ಹಳೆಯದೇ. ನಿಮ್ಮ ಗುಮಾಸ್ತರ ಬೆರಳು ಹೊಸ ಪಾಠ ಕಲಿಯಬೇಕಿಲ್ಲ.

ಎರಡನೆಯ ಕಾರಣ ಭಯ. ‘ಇರಲಿ ಒಂದು ಪ್ರತಿ’ ಎಂಬ ಮಾತು ನಮ್ಮ ಕಡೆಯ ಕಚೇರಿಗಳಲ್ಲಿ ಮಂತ್ರವಿದ್ದಂತೆ. ಆಧಾರ್, ಪಹಣಿ, ಮಗನ 371ಜೆ ಪ್ರಮಾಣಪತ್ರ (ಕಲ್ಯಾಣ ಕರ್ನಾಟಕದವರ ಮೀಸಲಾತಿಯದು), ಕೇಳಲಿ ಬಿಡಲಿ ಎಲ್ಲದರ ಮೂರು ಸೆಟ್ ಜೆರಾಕ್ಸ್. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ವಿದ್ಯುನ್ಮಾನ ದಾಖಲೆಗೆ ಮಾನ್ಯತೆ ಕೊಟ್ಟಿದೆ. ಹಾಗೆಂದು ನನ್ನ ಮಾತು ಕೇಳಿ ಸಾಲದ ಕರಾರನ್ನು ಕಂಪ್ಯೂಟರಿಗೆ ಸೇರಿಸಿ ಕಾಗದ ಹರಿಯಬೇಡಿ. ಯಾವುದು ಕಾಗದದಲ್ಲೇ ಇರಬೇಕು ಎಂದು ನಿಮ್ಮ ಲೆಕ್ಕಪರಿಶೋಧಕರಿಂದ ಬರೆಸಿಕೊಳ್ಳಿ. ಆ ಪಟ್ಟಿ ನೀವು ಅಂದುಕೊಂಡದ್ದಕ್ಕಿಂತ ಚಿಕ್ಕದಿರುತ್ತದೆ. ಸರ್ವ ಸದಸ್ಯರ ಸಭೆಯ ವಾರ್ಷಿಕ ವರದಿಗಳನ್ನೂ ನೋಡಿ: ಹೋದ ವರ್ಷದ ಕಟ್ಟುಗಳು ಈಗಲೂ ಬೀರುವಿನ ಮೇಲೆ ಇದ್ದರೆ, ಮುಂದಿನ ಸಲ ಎಷ್ಟು ಅಚ್ಚು ಹಾಕಿಸಬೇಕೆಂದು ನಾನು ಹೇಳಬೇಕಾಗಿಲ್ಲ.

ಒಂದು ಮಗ್ಗುಲು ಖಾಲಿ ಉಳಿದ ಹಾಳೆಗಳನ್ನು ಪ್ರಿಂಟರಿಗೆ ಮತ್ತೆ ಹಾಕುವ ಅಭ್ಯಾಸವಿದೆ ಎಂದಿದ್ದೀರಿ. ಬಿಟ್ಟುಬಿಡಿ. ಮರೆತುಹೋದ ಒಂದು ಪಿನ್ನು ಪ್ರಿಂಟರಿನೊಳಗೆ ಅಕ್ಷರ ಮೂಡಿಸುವ ಉರುಳೆಯನ್ನು, ಅಂದರೆ ಡ್ರಮ್ಮನ್ನು, ಗೀರಿದರೆ ಉಳಿಸಿದ್ದಕ್ಕಿಂತ ಹೆಚ್ಚು ಕಳೆಯುತ್ತೀರಿ. ಹೊಲಿಸಿ ಟಿಪ್ಪಣಿ ಪುಸ್ತಕ ಮಾಡಿಕೊಳ್ಳಿ. ಆದರೆ ಸದಸ್ಯರ ಹೆಸರು, ಸಂಖ್ಯೆ ಇರುವ ಹಾಳೆಯನ್ನು ಹರಿದು ಚೂರು ಮಾಡದೆ ರದ್ದಿಗೆ ಹಾಕಬೇಡಿ. ಮೊನ್ನೆ ಒಗ್ಗರಣೆ ಮಿರ್ಚಿ ಕಟ್ಟಿಕೊಟ್ಟ ಕಾಗದವನ್ನು ಬಿಡಿಸಿದರೆ ಎಣ್ಣೆಯ ಕಲೆಯಲ್ಲಿ ಯಾರದೋ ಪಾಸ್‌ಬುಕ್ಕಿನ ಜೆರಾಕ್ಸ್, ಖಾತೆ ಸಂಖ್ಯೆ ಸಮೇತ. ಮಿರ್ಚಿ ಗಂಟಲಲ್ಲಿ ಇಳಿಯಲಿಲ್ಲ.

ಇನ್ನು ಹೊಸ ಪ್ರಿಂಟರ್. ಈಗಲೇ ಬೇಡ. ಮೊದಲು ಹಳೆಯದರಲ್ಲಿ ಎರಡೂ ಮಗ್ಗುಲಿಗೆ ಮುದ್ರಿಸುವ ಸೌಲಭ್ಯವಿದ್ದರೆ ಅದನ್ನು ಖಾಯಂ ಮಾಡಿಸಿ. ಇದು ಕಾಗದವನ್ನು ಉಳಿಸುತ್ತದೆ, ಟೋನರನ್ನಲ್ಲ; ಟೋನರಿಗೆ ಕರಡು ಪ್ರತಿಗಳನ್ನು ತಿಳಿ ಮುದ್ರಣದಲ್ಲಿ ತೆಗೆಯಬೇಕು. ಡಬ್ಬಿಯ ಮೇಲೆ 1,500 ಪುಟ ಎಂದಿದ್ದರೆ ನಂಬಿ ಕೂರಬೇಡಿ, ಸಾಮಾನ್ಯವಾಗಿ ಅದು ಪುಟದ ಶೇ 5ರಷ್ಟು ಜಾಗಕ್ಕೆ ಮಾತ್ರ ಮಸಿ ಬೀಳುವ ಲೆಕ್ಕ. ಗೆರೆ ತುಂಬಿದ ನಿಮ್ಮ ಕೋಷ್ಟಕಗಳಿಗೆ ಅಷ್ಟು ಬರಲಾರದು. ಕಾಗದ ಸಿಕ್ಕಿಕೊಳ್ಳುತ್ತದೆ ಎಂದು ಸಿಬ್ಬಂದಿ ತಕರಾರು ಮಾಡಿದರೆ ನಮ್ಮ ಬೇಸಿಗೆಯನ್ನು ನೆನೆಯಿರಿ: ಒಣ ಹವೆಯಲ್ಲಿ ಹಾಳೆಗೆ ಹಾಳೆ ಅಂಟಿಕೊಂಡು ಜೋಡಿಯಾಗಿ ಒಳಹೋಗುತ್ತವೆ. ರೀಮಿನ ಹೊದಿಕೆಯನ್ನು ಬೇಕಾದಾಗಲೇ ಬಿಚ್ಚಿ, ಹಾಳೆಗಳನ್ನು ಒಮ್ಮೆ ಬೀಸಣಿಗೆಯಂತೆ ಬಿಡಿಸಿ ಹಾಕಲು ಹೇಳಿ.

ಲೆಕ್ಕ ಬೇಕೇ ಬೇಕೆಂದು ನಿರ್ದೇಶಕರು ಪಟ್ಟು ಹಿಡಿದರೆ, ಲೇಸರ್ ಪ್ರಿಂಟರ್ ತಾನೇ ಪುಟ ಎಣಿಸಿಟ್ಟುಕೊಂಡಿರುತ್ತದೆ. ಪ್ರತಿ ತಿಂಗಳು ಒಂದನೇ ತಾರೀಖಿನಂದು ಆ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಮೂರು ತಿಂಗಳ ಅಂಕಿ ನನಗೂ ಕಳಿಸಿ, ಕಾರ್ಡಿನಲ್ಲಿ ಬರೆದರೆ ಸಾಕು.