ಎರಡೇ ಮಾದರಿಯ ಮೇಲೆ ನಿಂತ ಟಂಗ್‌ಸ್ಟನ್ ಲೆಕ್ಕ

ಪ್ರಶ್ನೆ: ನಮ್ಮ ಶೀಲೈಟ್ (ಟಂಗ್‌ಸ್ಟನ್ ಇರುವ ಖನಿಜ) ನಿಕ್ಷೇಪದ ಎರಡು ಮಾದರಿಗಳಲ್ಲಿ ಟಂಗ್‌ಸ್ಟನ್ ಟ್ರೈಆಕ್ಸೈಡ್ ಶೇ. 4 ಇದೆ, ಉಳಿದವುಗಳಲ್ಲಿ ಶೇ. 0.3ರ ಆಸುಪಾಸು. ಸರಾಸರಿ ತೆಗೆದು ‘ಮಾಪಿತ’ (ಅತಿ ಹೆಚ್ಚು ಖಚಿತತೆಯ ವರ್ಗದ) ಸಂಪನ್ಮೂಲ ಎನ್ನಬಹುದೇ?

ಉತ್ತರ: ಬೇಡ. ಶೀಲೈಟ್ ಹರಳುಗಳು ಅಲ್ಲಲ್ಲಿ ಗುಂಪುಗೂಡಿರುತ್ತವೆ. ಅಂಥ ಒಂದು ಮಾದರಿ ಅಕ್ಕಪಕ್ಕದ ಬ್ಲಾಕ್‌ಗಳ (ಲೆಕ್ಕಕ್ಕಾಗಿ ನಿಕ್ಷೇಪವನ್ನು ಭಾಗಿಸಿದ ತುಂಡುಗಳ) ದರ್ಜೆಯನ್ನೆಲ್ಲ, ಅಂದರೆ ಟಂಗ್‌ಸ್ಟನ್ ಪ್ರಮಾಣವನ್ನೆಲ್ಲ, ಸುಳ್ಳೇ ಏರಿಸುತ್ತದೆ. ಮಾದರಿಗಳನ್ನು ಸಮಾನ ಉದ್ದಕ್ಕೆ ತಂದು, ಅತಿ ಹೆಚ್ಚಿನ ಅಂಕಿಗಳಿಗೆ ಮೇಲ್ಮಿತಿ ಹಾಕಿ, ಆಮೇಲೆ ವೇರಿಯೋಗ್ರಾಂ (ದೂರ ಹೆಚ್ಚಿದಂತೆ ಮಾದರಿಗಳ ವ್ಯತ್ಯಾಸ ಹೇಗೆ ಹೆಚ್ಚುತ್ತದೆ ಎಂದು ತೋರಿಸುವ ರೇಖಾಚಿತ್ರ) ಬರೆಯಿರಿ. ಡ್ರಿಲ್ ರಂಧ್ರಗಳ ಅಂತರ ಅದರ ವ್ಯಾಪ್ತಿಯನ್ನು, ಅಂದರೆ ಮಾದರಿಗಳ ನಡುವೆ ಹೋಲಿಕೆ ಉಳಿಯುವ ದೂರವನ್ನು, ಮೀರಿದ್ದರೆ ಅತಿ ಕಡಿಮೆ ಖಚಿತತೆಯ ‘ಅನುಮಿತ’ದಲ್ಲೇ ನಿಲ್ಲಿಸಿ. ನಡುವಿನ ವರ್ಗವಾದ ‘ಸೂಚಿತ’ಕ್ಕೂ ರಂಧ್ರದಿಂದ ರಂಧ್ರಕ್ಕೆ ಅದಿರು ಮುಂದುವರಿದಿದೆ ಎನ್ನಲು ಸಾಕಷ್ಟು ಆಧಾರ ಬೇಕು.

ಪ್ರಯೋಗಾಲಯದ ವರದಿಯನ್ನೂ ಕೆದಕಿ. ಅಂಕಿ ಲೋಹದ್ದಾದರೆ 1.261ರಿಂದ ಗುಣಿಸಿದಾಗಲೇ ಟ್ರೈಆಕ್ಸೈಡ್. ಎರಡೂ ಬೆರೆತ ಕೋಷ್ಟಕ ಎಂಥ ಲೆಕ್ಕವನ್ನೂ ಕೆಡಿಸುತ್ತದೆ! ಆಮ್ಲದಲ್ಲಿ ಟಂಗ್‌ಸ್ಟನ್ ಪೂರ್ತಿ ಕರಗದೆ ದರ್ಜೆ ಕಡಿಮೆ ಕಾಣಬಹುದು. ಫ್ಯೂಷನ್ ಎಕ್ಸ್‌ಆರ್‌ಎಫ್ (ಮಾದರಿಯನ್ನು ಕರಗಿಸಿ ಗಾಜಾಗಿಸಿ ಎಕ್ಸ್-ಕಿರಣದಿಂದ ಅಳೆಯುವ ವಿಧಾನ) ಕೇಳಿ. ಕೋರ್ (ಡ್ರಿಲ್ ಮಾಡಿ ತೆಗೆದ ಕಲ್ಲಿನ ಕಂಬಿ) ಮೇಲೆ ಕಿರುತರಂಗದ ಅತಿನೇರಳೆ ದೀಪ ಹಿಡಿದರೆ ಶೀಲೈಟ್ ನೀಲಿ-ಬಿಳಿಯಾಗಿ ಹೊಳೆಯುತ್ತದೆ, ಆದರೆ ಟಂಗ್‌ಸ್ಟನ್‌ನ ಇನ್ನೊಂದು ಖನಿಜವಾದ ವುಲ್ಫ್ರಮೈಟ್ ಹೊಳೆಯದು.